ಕಟ್ಟಿದ ಕ್ರೈಂ ಸಾಕ್ಷ್ಯಚಿತ್ರ ನೋಡುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ನೋಡುಗರು ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ತಿರುಗಿ ತಿರುಗಿ ಕೇಳುವ ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇವೆ. ಯಾವ ಚಿತ್ರದ ಕೊನೆಯನ್ನೂ ಇಲ್ಲಿ ಬಿಟ್ಟುಕೊಟ್ಟಿಲ್ಲ.

## ಮೊದಲ ಸಲ ನೋಡುವವರಿಗೆ

ಇದು ಖರೇ ನಡೆದದ್ದೋ, ಕಟ್ಟಿದ್ದೋ? ಮೊದಲು ಅಷ್ಟು ಹೇಳಿಬಿಡ್ರಿ.

ಕಟ್ಟಿದ್ದು. ಕೊಲೆ ಕಟ್ಟಿದ್ದು, ಪೊಲೀಸ್ ಫೈಲು ಕಟ್ಟಿದ್ದು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವ ತಾಯಿ ನಟಿ. ಸಾಕ್ಷ್ಯಚಿತ್ರದ ವೇಷವನ್ನು ಮಾತ್ರ ತಪ್ಪಿಲ್ಲದೆ ತೊಟ್ಟಿರುತ್ತದೆ: ಕುರ್ಚಿಯಲ್ಲಿ ಕುಳಿತು ಮಾತಾಡುವ ಸಂಬಂಧಿಕರು, ಹಳೆ ಫೋಟೊ, ಸುದ್ದಿ ವಾಹಿನಿಯ ತುಣುಕು, ಸಿಸಿಟಿವಿ. ಇದನ್ನೇ ಮಾಕ್ಯುಮೆಂಟರಿ ಅನ್ನುತ್ತಾರೆ. ಇದರ ನೆರೆಮನೆಯದು ಫೌಂಡ್ ಫುಟೇಜ್. ಅದರಲ್ಲಿ ಸಂದರ್ಶನ ಇರುವುದಿಲ್ಲ, ಯಾರೋ ಬಿಟ್ಟುಹೋದ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳೇ ಇಡೀ ಚಿತ್ರ. ಟಿವಿಯ ಕ್ರೈಂ ಕಾರ್ಯಕ್ರಮ ಮೂರನೆಯ ಜಾತಿ. ಅಲ್ಲಿ ಘಟನೆ ನಿಜ, ನಟರು ಮಾಡಿ ತೋರಿಸುತ್ತಾರೆ. ಈ ಮೂರನ್ನು ಕಲಸಿಕೊಂಡರೆ ಮುಂದಿನ ಉತ್ತರಗಳು ಉಪಯೋಗಕ್ಕೆ ಬರುವುದಿಲ್ಲ.

ಸುರುವಿಗೇ ‘ಇದು ನಿಜವಾದ ಘಟನೆ’ ಅಂತ ಬರದಾರಲ್ರಿ. ಹಂಗ ಸುಳ್ಳು ಬರಿಯಾಕ ಬರ್ತೈತೇನು?

ಆ ಸಾಲು ಕಥೆಯೊಳಗಿನ ಸಾಲು. ನಾಟಕದಲ್ಲಿ ‘ನಾನು ಹಸ್ತಿನಾವತಿಯ ರಾಜ’ ಎಂದು ಪಾತ್ರಧಾರಿ ಹೇಳಿದ ಹಾಗೆ. 1996ರ ‘ಫಾರ್ಗೊ’ ಚಿತ್ರ ಸಾಕ್ಷ್ಯಚಿತ್ರವೇ ಅಲ್ಲ, ಆದರೂ ಇದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ತೆರೆ ಏಳುತ್ತಲೇ ಇದು ನಿಜಕಥೆ ಎನ್ನುತ್ತದೆ; ಕೊನೆಯಲ್ಲಿ ಓಡುವ ಹೆಸರುಗಳ ನಡುವೆ, ಪಾತ್ರಗಳೆಲ್ಲ ಕಾಲ್ಪನಿಕ ಎಂಬ ಮಾಮೂಲಿ ಒಕ್ಕಣೆ ಇದೆ. ನಂಬಬೇಕಾದದ್ದು ಕೊನೆಯದನ್ನು. ಹಾಗಾಗಿ ಕೊನೆಯ ಹೆಸರುಗಳು ಮುಗಿಯುವ ತನಕ ರಿಮೋಟಿಗೆ ಕೈ ಹಾಕಬೇಡಿ. ಮೊಬೈಲಿನಲ್ಲಿ ನೋಡುತ್ತಿದ್ದರೆ ಮುಂದಿನ ವಿಡಿಯೊ ತಾನಾಗಿ ಶುರುವಾಗುವ ‘ಆಟೊಪ್ಲೇ’ ಬಂದ್ ಮಾಡಿ. ಇಲ್ಲವಾದರೆ ಆ ಸಾಲು ಬರುವ ಮೊದಲೇ ಪರದೆ ಬದಲಾಗಿಬಿಡುತ್ತದೆ. ‘ತಾಯಿಯ ಪಾತ್ರದಲ್ಲಿ’, ‘ಪಿಎಸ್‌ಐ ಪಾತ್ರದಲ್ಲಿ’ ಎಂದು ನಟರ ಪಟ್ಟಿ ಬಂದರೆ ಮುಗಿಯಿತು.

ಕಡಿಮಿ ರೊಕ್ಕದಾಗ ಮಾಡಿದ್ದು ಅಂತಾರ. ಎಷ್ಟು ಕಡಿಮಿ?

1998ರ ‘ದಿ ಲಾಸ್ಟ್ ಬ್ರಾಡ್‌ಕಾಸ್ಟ್’ ಚಿತ್ರಕ್ಕೆ ಅದರ ನಿರ್ದೇಶಕರು ಹೇಳಿಕೊಂಡ ಖರ್ಚು 900 ಡಾಲರ್. ಅಮೆರಿಕದ ನ್ಯೂಜೆರ್ಸಿಯ ಪೈನ್ ಬ್ಯಾರೆನ್ಸ್ ಕಾಡಿನಲ್ಲಿ ನಡೆದ ಕೊಲೆಗಳ ತನಿಖೆ ಎಂಬ ವೇಷ ಅದರದು. ಮನೆಯ ಕಂಪ್ಯೂಟರಿನಲ್ಲೇ ಸಂಕಲನವಾಯಿತು. 2007ರ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ಗೆ ಬಿದ್ದದ್ದು ಸುಮಾರು 15,000 ಡಾಲರ್. 1999ರಲ್ಲಿ ತೆರೆಕಂಡ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಚಿತ್ರೀಕರಣ 1997ರ ಅಕ್ಟೋಬರಿನಲ್ಲಿ 8 ದಿನಗಳಲ್ಲಿ ಮುಗಿಯಿತು, ಕ್ಯಾಮೆರಾ ನಟರ ಕೈಯಲ್ಲೇ ಇತ್ತು.

ಈ ಪ್ರಕಾರ ಬಡವರಿಗೆ ಒದಗಿಬರಲು ಕಾರಣವಿದೆ. ಬೇರೆ ಸಿನಿಮಾದಲ್ಲಿ ಅಲುಗುವ ಕ್ಯಾಮೆರಾ, ಮಂಕು ಬೆಳಕು, ಗೊತ್ತಿಲ್ಲದ ಮುಖಗಳು ದೋಷ. ಇಲ್ಲಿ ಅವೇ ನಂಬಿಕೆ ಹುಟ್ಟಿಸುತ್ತವೆ. ಕೊಲೆಯನ್ನು ತೋರಿಸಬೇಕಾಗಿಯೂ ಇಲ್ಲ. ಕೊಲೆಯಾದ ಮೇಲೆ ಖಾಲಿ ಉಳಿದ ಕೋಣೆ, ಅದರ ಬಗ್ಗೆ ಒಬ್ಬರ ಮಾತು ಸಾಕು.

ಮೊದಲ ಯಾವುದು ನೋಡ್ಲಿ?

ಕನ್ನಡದಿಂದ ಶುರು ಮಾಡುವುದಾದರೆ 2013ರ ‘6-5=2’. ಚಾರಣಕ್ಕೆ ಹೋದವರ ಕ್ಯಾಮೆರಾ ಸಿಕ್ಕಿದೆ ಎಂಬ ಕಥೆ. ಅಪರಾಧ ಸಾಕ್ಷ್ಯಚಿತ್ರವಲ್ಲ, ಫೌಂಡ್ ಫುಟೇಜ್. ಆದರೂ ಕಣ್ಣು ಪಳಗಲು ನಮ್ಮ ಭಾಷೆಯೇ ಒಳ್ಳೆಯದು. ಆಮೇಲೆ ‘ದಿ ಲಾಸ್ಟ್ ಬ್ರಾಡ್‌ಕಾಸ್ಟ್’. ಮೂರನೆಯದಾಗಿ ಆಸ್ಟ್ರೇಲಿಯಾದ ‘ಲೇಕ್ ಮಂಗೊ’ (2008): ಮುಳುಗಿ ಸತ್ತ ಹುಡುಗಿಯ ಮನೆಯವರ ಸಂದರ್ಶನಗಳಿಂದಲೇ ಕಟ್ಟಿದ ಚಿತ್ರ. ನಟರಿಗೆ ಬರೆದ ಸಂಭಾಷಣೆ ಕೊಡದೆ ಸನ್ನಿವೇಶ ಮಾತ್ರ ಹೇಳಿ ಮಾತಾಡಿಸಿದ್ದಾರೆ, ಮತ್ತು ಅದು ಕಿವಿಗೆ ಗೊತ್ತಾಗುತ್ತದೆ. ಈ ಮೂರರಲ್ಲಿ ಒಂದನ್ನೇ ನೋಡಲು ಹೊತ್ತಿದ್ದರೆ ‘ಲೇಕ್ ಮಂಗೊ’ ನೋಡಿ.

‘ಕ್ಯಾನಿಬಲ್ ಹೋಲೊಕಾಸ್ಟ್’ (1980) ಮೊದಲಿಗೆ ಬೇಡ. ಅದರಲ್ಲಿ ಪ್ರಾಣಿಗಳನ್ನು ನಿಜವಾಗಿಯೇ ಕೊಂದಿದ್ದಾರೆ.

ಮನ್ಯಾಗ ಹುಡುಗರು ಇರ್ತಾವ್ರಿ. ಜೊತಿಗೆ ಕುಂತು ನೋಡಬಹುದಾ?

ಪ್ರಮಾಣಪತ್ರ ನೋಡಿ. ಒಟಿಟಿಯಲ್ಲಿ 2021ರ ನಿಯಮದಿಂದ, ಚಿತ್ರಮಂದಿರದಲ್ಲಿ 2023ರ ತಿದ್ದುಪಡಿಯಿಂದ ಯು/ಎ (ದೊಡ್ಡವರ ನಿಗಾದಲ್ಲಿ ಮಕ್ಕಳು ನೋಡಬಹುದಾದ) ದರ್ಜೆಯನ್ನು 7+, 13+, 16+ ಎಂದು ಒಡೆದಿದ್ದಾರೆ. 13 ದಾಟದವರಿಗೆ ಈ ಪ್ರಕಾರವೇ ಬೇಡ. ರಕ್ತ ಕಡಿಮೆ ಇದ್ದರೂ ‘ಇದು ನಡೆದದ್ದು’ ಎಂಬ ಮಾತನ್ನು ಮಕ್ಕಳು ಅಕ್ಷರಶಃ ನಂಬುತ್ತಾರೆ, ಹಿತ್ತಲಿಗೆ ಹೋಗಲು ತಿಂಗಳುಗಟ್ಟಲೆ ಹೆದರುತ್ತಾರೆ.

## ಟಿವಿ, ಮೊಬೈಲು, ಸದ್ದು

ಟಿವಿಯಾಗ ಎಲ್ಲಾ ಕರ್ರಗ ಕಾಣ್ತದ, ಇಲ್ಲಾಂದ್ರ ಧಾರಾವಾಹಿ ಕಂಡಂಗ ಕಾಣ್ತದ. ಏನು ಮಾಡ್ಬೇಕು?

ಎರಡು ಬೇರೆ ಬೇರೆ ತೊಂದರೆ. ಧಾರಾವಾಹಿಯಂತೆ ನುಣ್ಣಗೆ ಕಾಣುವುದು ಟಿವಿ ತಾನೇ ನಡುವೆ ಚೌಕಟ್ಟುಗಳನ್ನು (ಫ್ರೇಮ್) ಹುಟ್ಟಿಸಿ ಸೇರಿಸುವುದರಿಂದ. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೊ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ ಎಂಬ ಹೆಸರಿನಲ್ಲಿರುತ್ತದೆ. ಆಫ್ ಮಾಡಿ. ಇದು ಆನ್ ಇದ್ದರೆ ಹಳೆ ಟೇಪಿನ ದೃಶ್ಯಕ್ಕೂ ಹೊಸ ಸಂದರ್ಶನಕ್ಕೂ ಇರುವ ಚಲನೆಯ ವ್ಯತ್ಯಾಸ ಅಳಿಸಿಹೋಗುತ್ತದೆ. ಈ ಪ್ರಕಾರದ ಅರ್ಧ ಕಸುಬು ಇರುವುದೇ ಆ ವ್ಯತ್ಯಾಸದಲ್ಲಿ.

ಕಪ್ಪಿನ ತೊಂದರೆಗೆ ಪಿಕ್ಚರ್ ಮೋಡನ್ನು ‘ವಿವಿಡ್’ನಿಂದ ‘ಸಿನೆಮಾ’ ಅಥವಾ ‘ಫಿಲ್ಮ್‌ಮೇಕರ್’ಗೆ ತನ್ನಿ. ಕೋಣೆಯ ಬೆಳಕು ನೋಡಿ ಹೊಳಪು ಇಳಿಸುವ ‘ಇಕೊ’ ಬಂದ್ ಮಾಡಿ. ಪರದೆಯ ಎದುರಿನ ಗೋಡೆಯ ಟ್ಯೂಬ್‌ಲೈಟ್ ಆರಿಸಿ, ಟಿವಿಯ ಹಿಂದೆ ಸಣ್ಣ ದೀಪ ಇರಲಿ. ಮೊಬೈಲಿನಲ್ಲಾದರೆ 480ಪಿ ಬೇಡ. ಕತ್ತಲೆಯ ದೃಶ್ಯ ಚೌಕ ಚೌಕವಾಗಿ ಒಡೆಯುತ್ತದೆ, ಅದು ಚಿತ್ರದವರು ಬೇಕೆಂದು ಮಾಡಿದ ಮಸುಕೋ ನಿಮ್ಮ ನೆಟ್ಟಿನ ಮಸುಕೋ ತಿಳಿಯದು. ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ದವರು ಅಧಿಕೃತ ಆ್ಯಪಿನಲ್ಲೇ ಹಿಂದಿನ ರಾತ್ರಿ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದು ವಾಸಿ.

ಮಾತು ಸಣ್ಣಗ, ಒಮ್ಮೆಲೇ ಸಿಡ್ಲು ಬಡದಂಗ ಸದ್ದು. ವಾಲ್ಯೂಮ್ ಎಷ್ಟು ಇಡಬೇಕು?

ಮೊದಲ ಸಂದರ್ಶನದ ಮಾತು ಎದುರಿಗೆ ಕುಳಿತವರ ಮಾತಿನಷ್ಟು ಕೇಳುವಂತೆ ಇಟ್ಟು, ಮತ್ತೆ ಮುಟ್ಟಬೇಡಿ. ಪಿಸುಮಾತಿನ ‘ಟೇಪ್’ ಬಂದಾಗ ಏರಿಸಿದವರೇ ಮುಂದಿನ ಕ್ಷಣ ಬೆಚ್ಚಿಬೀಳುವುದು. ಆ ಬಲೆಯನ್ನು ಚಿತ್ರದವರು ಬೇಕೆಂದೇ ಹಾಕಿರುತ್ತಾರೆ. ರಾತ್ರಿಯಾದರೆ ತಂತಿಯ ಇಯರ್‌ಫೋನ್ ಸಾಕು.

ನೋಡೋಕ್ಕಿಂತ ಮೊದಲ ಗೂಗಲ್ ಮಾಡ್ಲೇನ್ರಿ?

ಬೇಡ. ನೋಡಿ ಮುಗಿದ ಮೇಲೆ, ಯಾರಿಗೂ ಕಳಿಸುವ ಮೊದಲು ಮಾಡಿ.

## ಕಟ್ಟಿದ್ದನ್ನು ಗುರುತು ಹಿಡಿಯುವುದು

ಮಾತಾಡೋ ಮಂದಿ ನಟರೋ ಅಲ್ಲೋ ಹೆಂಗ ಗೊತ್ತಾಗ್ತೈತಿ?

ಮಾತಿನ ಜೋಡಣೆಯನ್ನು ಕೇಳಿಸಿಕೊಳ್ಳಿ. ನಿಜವಾಗಿ ಕಳೆದುಕೊಂಡವರು ಕಥೆಯನ್ನು ಸಾಲಾಗಿ ಹೇಳುವುದಿಲ್ಲ. ‘ಅವತ್ತು ಸೋಮವಾರ… ಅಲ್ಲಲ್ಲ, ಸಂತಿ ಇತ್ತು, ಅಂದ್ರ ಮಂಗಳವಾರ’ ಎಂದು ತಿದ್ದಿಕೊಳ್ಳುತ್ತಾರೆ. ತನಿಖೆಗೆ ಬೇಡವಾದ ಸಂಗತಿಗೆ ಅಂಟಿಕೊಳ್ಳುತ್ತಾರೆ: ಆ ಹೊತ್ತಿಗೆ ಒಲೆಯ ಮೇಲೆ ಏನಿತ್ತು, ಚಪ್ಪಲಿ ಯಾವ ಬಾಗಿಲಲ್ಲಿ ಬಿಟ್ಟಿತ್ತು. ಬರೆದುಕೊಟ್ಟ ಮಾತಿನಲ್ಲಿ ಪ್ರತಿ ವಾಕ್ಯವೂ ಕಥೆಯನ್ನು ಒಂದು ಹೆಜ್ಜೆ ಮುಂದೆ ದೂಡುತ್ತದೆ. ಒಬ್ಬರು ನಿಲ್ಲಿಸಿದಲ್ಲಿಂದ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ.

ನಮ್ಮ ಸೀಮೆಯ ಕಥೆಯಾದರೆ ಭಾಷೆಯೇ ಸಾಕ್ಷಿ ಹೇಳುತ್ತದೆ. ಸಿಂಧನೂರು ಕಡೆಯ ರೈತ ‘ಹೌದು ಕಣ್ರೀ, ನಾನು ನೋಡಿದೆ’ ಎಂದರೆ ಸಂಭಾಷಣೆ ಬರೆದವರು ದಕ್ಷಿಣದವರು. ರಾಯಚೂರಿನ ಪೇಟೆಯ ಮಾತಿಗೆ ತೆಲುಗು, ದಖ್ಖನಿ ಉರ್ದು ಸೋಂಕದೆ ಇರುವುದಿಲ್ಲ. ಬಳ್ಳಾರಿಯಲ್ಲಿ ಅಕ್ಕಪಕ್ಕದ ಇಬ್ಬರು ಒಂದೇ ಮಾತುಕತೆಯಲ್ಲಿ ಕನ್ನಡದಿಂದ ತೆಲುಗಿಗೆ ಹಾಯುತ್ತಾರೆ. ಇಡೀ ಓಣಿ ಒಂದೇ ಬಗೆಯ ಕನ್ನಡ ಆಡುತ್ತಿದ್ದರೆ ಆ ಓಣಿಯನ್ನು ಕಟ್ಟಿದ್ದಾರೆ.

ಒಳ್ಳೆಯ ನಟರು ಈ ಪರೀಕ್ಷೆಗಳನ್ನೆಲ್ಲ ದಾಟುತ್ತಾರೆ. ಮಾತೊಂದನ್ನೇ ನಂಬಿ ತೀರ್ಮಾನ ಬೇಡ.

ಎಫ್‌ಐಆರ್, ಪಂಚನಾಮೆ ಎಲ್ಲಾ ತೋರಿಸ್ಯಾರಲ್ರಿ. ಅದೂ ಸುಳ್ಳಾ?

ಕಟ್ಟಿದವರು ಹೆಚ್ಚು ಎಡವುವುದು ಕಾಗದದಲ್ಲೇ. ದೃಶ್ಯ ನಿಲ್ಲಿಸಿ, ಕಾಗದವನ್ನು ಮೇಲಿನಿಂದ ಕೆಳಗೆ ಓದಿ.

ಮೊದಲು ಕಲಂ ನೋಡಿ. 2024ರ ಜುಲೈ 1ರಿಂದ ಅಪರಾಧ, ಶಿಕ್ಷೆ ಹೇಳುವ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್), ತನಿಖೆ, ವಿಚಾರಣೆಯ ವಿಧಾನ ಹೇಳುವ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು. ಕೊಲೆಗೆ ಐಪಿಸಿಯಲ್ಲಿ ಕಲಂ 302, ಬಿಎನ್‌ಎಸ್‌ನಲ್ಲಿ 103. ಎಫ್‌ಐಆರ್ ದಾಖಲಾಗುವುದು ಹಳೆಯ ಸಿಆರ್‌ಪಿಸಿಯಲ್ಲಿ 154, ಹೊಸ ಸುರಕ್ಷಾ ಸಂಹಿತೆಯಲ್ಲಿ 173ರ ಅಡಿ. ಅಸಹಜ ಸಾವಿನ ವಿಚಾರಣೆ (ಠಾಣೆಯಲ್ಲಿ ಯುಡಿಆರ್ ಅನ್ನುವುದು) ಹಳೆಯದರಲ್ಲಿ 174, ಹೊಸದರಲ್ಲಿ 194. 2019ರ ಕೊಲೆ ಎಂದು ಹೇಳುತ್ತ ಕಾಗದದ ಮೇಲೆ ಬಿಎನ್‌ಎಸ್ 103 ಇದ್ದರೆ ಆ ಕಾಗದ ಕಂಪ್ಯೂಟರಿನಲ್ಲಿ ಈಚೆಗೆ ಹುಟ್ಟಿದ್ದು. ಒಂದು ಎಚ್ಚರ: ಯಾವ ಕಾನೂನು ಎಂಬುದನ್ನು ನಿರ್ಧರಿಸುವುದು ಅಪರಾಧ ನಡೆದ ದಿನ. 2024ರ ಜೂನಿನಲ್ಲಿ ನಡೆದ ಕೊಲೆಗೆ ಆಗಸ್ಟಿನಲ್ಲಿ ದೂರು ಕೊಟ್ಟರೆ ಕಲಂ 302ರದೇ ಇರುತ್ತದೆ, ದಾಖಲಿಸುವ ವಿಧಾನ ಮಾತ್ರ ಹೊಸದು. ಆ ಬೆರಕೆ ಕಂಡರೆ ತಪ್ಪೆಂದು ಹಾರಬೇಡಿ.

ಆಮೇಲೆ ಊರು, ಜಿಲ್ಲೆ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. 1995ರ ಕಾಗದದಲ್ಲಿ ‘ಜಿಲ್ಲಾ: ರಾಯಚೂರು’ ಎಂದೇ ಇರಬೇಕು. ಹೊಸಪೇಟೆ 2021ರ ತನಕ ಬಳ್ಳಾರಿ ಜಿಲ್ಲೆ, ಆಮೇಲೆ ವಿಜಯನಗರ. ಇಂಗ್ಲಿಷ್ ಬೋರ್ಡುಗಳಲ್ಲಿ ಬಳ್ಳಾರಿಯ ಹಳೆ ಕಾಗುಣಿತ (Bellary) ಅಧಿಕೃತವಾಗಿ Ballari ಎಂದು ಬದಲಾದದ್ದು 2014ರ ನವೆಂಬರ್ 1ರಂದು. ಹೈದರಾಬಾದ್ ಕರ್ನಾಟಕಕ್ಕೆ ‘ಕಲ್ಯಾಣ ಕರ್ನಾಟಕ’ ಎಂಬ ಹೆಸರು ಬಂದದ್ದು 2019ರ ಸೆಪ್ಟೆಂಬರಿನಲ್ಲಿ. 2010ರ ಸುದ್ದಿ ತುಣುಕೊಂದರಲ್ಲಿ ನಿರೂಪಕಿ ಹಾಗೆಂದರೆ ಆ ತುಣುಕನ್ನು ನಂಬಬೇಡಿ.

ಮೇಲ್ಮನವಿ ಎಲ್ಲಿಗೆ ಹೋಯಿತು ಎನ್ನುತ್ತಾರೆ ಕೇಳಿ. ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಪ್ರಕರಣ ಹೈಕೋರ್ಟಿನ ಧಾರವಾಡ ಪೀಠಕ್ಕೆ, ರಾಯಚೂರಿನದು ಕಲಬುರಗಿ ಪೀಠಕ್ಕೆ. ಕೊಪ್ಪಳ ಜಿಲ್ಲೆಯ ಗಂಗಾವತಿಯ ಕೇಸು ಕಲಬುರಗಿಗೆ ಹೋಗಿದೆ ಎಂದರೆ ಬರೆದವರು ನಕಾಶೆ ನೋಡಿ ಊಹಿಸಿದ್ದಾರೆ. ಎರಡೂ ಪೀಠಗಳು ಸಂಚಾರಿ ಪೀಠವಾಗಿ ಶುರುವಾದದ್ದೇ 2008ರಲ್ಲಿ, ಅದಕ್ಕೂ ಮೊದಲಿನ ಕಥೆಗೆ ಬೆಂಗಳೂರೇ ಗತಿ.

ಪದಗಳೂ ಮಾತಾಡುತ್ತವೆ. ನಮ್ಮ ಕಡೆಯ ಠಾಣೆಯ ಟಿಪ್ಪಣಿಯಲ್ಲಿ ‘ಗುನ್ನೆ ನಂ.’ (ಅಪರಾಧ ಸಂಖ್ಯೆ), ‘ಪಿರ್ಯಾದಿ’ (ದೂರುದಾರ), ‘ಪಂಚರು’ (ಪಂಚನಾಮೆಯ ಸಾಕ್ಷಿಗಳು) ಎಂದಿರುತ್ತದೆ. ಸಾಹಿತ್ಯದ ಕನ್ನಡದಲ್ಲಿ ಉದ್ದುದ್ದ ಬರೆದ ಎಫ್‌ಐಆರ್ ಅನುಮಾನಕ್ಕೆ ಯೋಗ್ಯ. ಅತ್ಯಾಚಾರಕ್ಕೊಳಗಾದವರ ಹೆಸರು, ಫೋಟೊ ರಾಜಾರೋಷವಾಗಿ ತೋರಿಸುತ್ತಿದ್ದರೂ ಅನುಮಾನಿಸಿ. ಗುರುತು ಬಹಿರಂಗಪಡಿಸುವುದು ಐಪಿಸಿ 228-ಎ, ಈಗಿನ ಬಿಎನ್‌ಎಸ್ 72ರ ಅಡಿ ಅಪರಾಧ, ಹೊಣೆಯುಳ್ಳ ಸಾಕ್ಷ್ಯಚಿತ್ರದವರು ಆ ಗೆರೆ ದಾಟುವುದಿಲ್ಲ.

ಪೊಲೀಸರ ಡ್ರೆಸ್ಸಿನಾಗ ಏನು ನೋಡ್ಬೇಕ್ರಿ?

ಹೆಗಲು. ಪಿಎಸ್‌ಐಗೆ ಎರಡು ನಕ್ಷತ್ರ, ಇನ್‌ಸ್ಪೆಕ್ಟರಿಗೆ ಮೂರು, ಎರಡರಲ್ಲೂ ಬುಡದಲ್ಲಿ ಕೆಂಪು-ನೀಲಿ ಪಟ್ಟಿ. ಡಿವೈಎಸ್‌ಪಿಗೆ ಮೂರು ನಕ್ಷತ್ರ, ಪಟ್ಟಿ ಇಲ್ಲ. ಬಾಡಿಗೆ ಬಟ್ಟೆಯಲ್ಲಿ ಈ ಪಟ್ಟಿಯೇ ತಪ್ಪುವುದು. ಕಾನ್‌ಸ್ಟೇಬಲ್‌ಗಳ ತಲೆಯ ಮೇಲೆ ಒಂದು ಪಕ್ಕ ಮಡಚಿದ ಸ್ಲೌಚ್ ಟೋಪಿ ಇರಬೇಕು. ಅದನ್ನು ಬದಲಿಸಿ ನೀಲಿ ಪೀಕ್ ಕ್ಯಾಪ್ ಕೊಡಲು ಶುರುವಾದದ್ದು 2025ರಲ್ಲಿ.

ಹಳೇ ವಿಡಿಯೊ ಟೇಪು ಅಂತ ಗೆರಿ ಗೆರಿ ತೋರಸ್ತಾರ. ಅದು ಖರೇ ಟೇಪಾ, ಮೊಬೈಲ್ ಫಿಲ್ಟರಾ?

ವಿಎಚ್‌ಎಸ್ ಟೇಪಿನಲ್ಲಿ ಟೇಪನ್ನು ಓದುವ, ತಿರುಗುವ ಹೆಡ್ ಬದಲಾಗುವ ಜಾಗದ ಕಲೆ ಚಿತ್ರದ ತೀರಾ ಕೆಳ ಅಂಚಿನಲ್ಲಿ ಸದಾ ಕುಣಿಯುತ್ತಿರುತ್ತದೆ. ಫಿಲ್ಟರಿನಲ್ಲಿ ಗೆರೆಗಳು ನಡುವೆ ಬರುತ್ತವೆ, ಅದೂ ಹೆದರಿಸುವ ಕ್ಷಣಕ್ಕೆ ಸರಿಯಾಗಿ. ಒಂದು ಗೆರೆಯ ಆಕಾರವನ್ನು ನೆನಪಿಟ್ಟುಕೊಳ್ಳಿ. ಹತ್ತು ಹದಿನೈದು ಸೆಕೆಂಡಿನಲ್ಲಿ ಅದೇ ಆಕಾರ ಅದೇ ಜಾಗಕ್ಕೆ ಮರಳಿದರೆ ಅದು ಮೇಲೆ ಹೊದಿಸಿದ ತುಣುಕು. ಅಸಲಿ ವಿಎಚ್‌ಎಸ್‌ನಲ್ಲಿ ಬಣ್ಣ ಗೆರೆಯಿಂದಾಚೆ ಸೋರುತ್ತದೆ: ಮದುವೆ ವಿಡಿಯೊದಲ್ಲಿ ಕೆಂಪು ಸೀರೆಯ ಅಂಚು ಪಕ್ಕದವರ ಬಿಳಿ ಅಂಗಿಗೆ ಹರಿದಂತೆ ಕಾಣುವುದನ್ನು ನೆನೆಸಿಕೊಳ್ಳಿ. ಕಟ್ಟಿದ ಟೇಪಿನಲ್ಲಿ ಗೆರೆ ಗದ್ದಲ ಎಷ್ಟಿದ್ದರೂ ಸೀರೆಯ ಅಂಚು ಚೂಪಾಗಿರುತ್ತದೆ.

ಮಿನಿ ಡಿವಿ (ಸಣ್ಣ ಡಿಜಿಟಲ್ ಟೇಪಿನ) ಕ್ಯಾಮೆರಾ ಎಂದು ಹೇಳಿ ಮೂಲೆಯಲ್ಲಿ ಕಿತ್ತಳೆ ತಾರೀಖು ತೋರಿಸಿದರೆ ವಿಚಾರ ಮಾಡಿ. ಡಿವಿಯಲ್ಲಿ ತಾರೀಖು ದತ್ತಾಂಶವಾಗಿ ಬೇರೆ ಕೂಡುತ್ತದೆ, ಚಿತ್ರದ ಮೇಲೆ ಅಚ್ಚಾಗುವುದಿಲ್ಲ.

ಸಿಸಿಟಿವಿ ದೃಶ್ಯ ನೋಡಿದ್ರ ನಂಬ್ಲೇಬೇಕು ಅನಸ್ತದ.

ಕ್ಯಾಮೆರಾ ಎಲ್ಲಿದೆ ಕೇಳಿಕೊಳ್ಳಿ. ಅಂಗಡಿಯ ಕ್ಯಾಮೆರಾ ಛಾವಣಿಯ ಮೂಲೆಯಲ್ಲಿರುತ್ತದೆ, ತಲೆಯ ಮೇಲ್ಭಾಗ ಕಾಣುತ್ತದೆ. ಎದೆಯೆತ್ತರದಿಂದ ಮುಖ ಚೆನ್ನಾಗಿ ಕಂಡರೆ, ಹೆಜ್ಜೆ ಸಪ್ಪಳ ಸ್ಪಷ್ಟವಾಗಿ ಕೇಳಿದರೆ ಚಿತ್ರೀಕರಿಸಿದ್ದು. ನಂತರ ಗಡಿಯಾರ: ಯೂಟ್ಯೂಬನ್ನು ಕಂಪ್ಯೂಟರಿನಲ್ಲಿ ನಿಲ್ಲಿಸಿ, ಕೀಬೋರ್ಡಿನ ಪೂರ್ಣವಿರಾಮದ ಕೀಲಿ ಒತ್ತಿದರೆ ಒಂದೊಂದೇ ಚೌಕಟ್ಟು ಮುಂದೆ ಹೋಗುತ್ತದೆ, ಅಲ್ಪವಿರಾಮದ ಕೀಲಿಗೆ ಹಿಂದೆ. ಪರದೆಯ ಮೇಲಿನ ಸೆಕೆಂಡು ಬದಲಾಗಲು ಪ್ರತಿ ಸಲ ಹೆಚ್ಚುಕಡಿಮೆ ಅಷ್ಟೇ ಚೌಕಟ್ಟು ಬೇಕು. ಒಂದು ಸೆಕೆಂಡಿಗೆ 25, ಮುಂದಿನದಕ್ಕೆ 40 ಎಂದರೆ ಅಂಕಿಯನ್ನು ಆಮೇಲೆ ಅಂಟಿಸಿದ್ದಾರೆ. ಗಡಿಯಾರ ಹತ್ತು ನಿಮಿಷ ಹಿಂದಿರುವುದು ಮಾತ್ರ ತಪ್ಪಲ್ಲ. ಸಿಸಿಟಿವಿ ದೃಶ್ಯ ಮುದ್ರಿಸಿಡುವ ನಿಜವಾದ ಡಿವಿಆರ್ ಪೆಟ್ಟಿಗೆಗಳಲ್ಲಿ ಅದು ದಿನನಿತ್ಯದ ಸಂಗತಿ.

ಹಿನ್ನೆಲೆಯನ್ನೂ ನೋಡಿ. ಮೇ ತಿಂಗಳಲ್ಲಿ ನಡೆದದ್ದು ಎಂದು ಹೇಳಿ, ಹಿಂದೆ ತುಂಗಭದ್ರಾ ಎಡದಂಡೆ ಕಾಲುವೆ ದಂಡೆ ಮುಟ್ಟಿ ಹರಿಯುತ್ತ, ಆಚೆ ಭತ್ತದ ಗದ್ದೆ ಹಸಿರಾಗಿದ್ದರೆ ಚಿತ್ರೀಕರಣ ಆಗಸ್ಟಿನ ಆಚೀಚೆ ನಡೆದಿದೆ. ಮೇನಲ್ಲಿ ಆ ಕಾಲುವೆ ಸಾಮಾನ್ಯವಾಗಿ ಒಣಗಿರುತ್ತದೆ.

## ಇನ್ನೂ ಆಳಕ್ಕೆ

ಖರೇ ಕೇಸು ಇತ್ತೋ ಇಲ್ಲೋ ನಾನೇ ಹುಡುಕಬೇಕಂದ್ರ?

ಚಿತ್ರ ಕೊಟ್ಟ ಠಾಣೆ, ಗುನ್ನೆ ನಂಬರು, ವರ್ಷ ಬರೆದುಕೊಳ್ಳಿ. ಇ-ಕೋರ್ಟ್ಸ್ ಸೇವೆಯಲ್ಲಿ ಜಿಲ್ಲೆ ಆರಿಸಿ, ಎಫ್‌ಐಆರ್ ಸಂಖ್ಯೆ ಅಥವಾ ಕಕ್ಷಿದಾರರ ಹೆಸರಿನಿಂದ ಹುಡುಕಬಹುದು, ದುಡ್ಡು ಬೇಕಿಲ್ಲ. ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ, ಆದ್ದರಿಂದ ಈಚಿನವು ಪೊಲೀಸ್ ಇಲಾಖೆಯ ತಾಣದಲ್ಲೂ ಸಿಗಬೇಕು. ಹಳೆಯ ಪ್ರಕರಣ ಅಲ್ಲಿಲ್ಲ ಎಂದ ಮಾತ್ರಕ್ಕೆ ನಡೆದೇ ಇಲ್ಲ ಎನ್ನಲಾಗದು. ಅದಕ್ಕೆ ಆ ವಾರದ ಜಿಲ್ಲಾ ಪತ್ರಿಕೆಯ ಪುಟಗಳನ್ನೇ ಗ್ರಂಥಾಲಯದಲ್ಲಿ ತಿರುವಬೇಕು. ಹೆಸರು ಸಿಕ್ಕಿತೆಂದು ಆ ಮನೆಯವರ ಬಾಗಿಲಿಗೆ ಹೋಗಬೇಡಿ, ಫೋನ್ ಮಾಡಬೇಡಿ.

ಖರೇ ಸಾಕ್ಷ್ಯಚಿತ್ರದಾಗೂ ನಟರು ಮಾಡಿ ತೋರಸ್ತಾರಲ್ಲ, ಮತ್ತ ಫರಕು ಏನು?

1988ರ ‘ದಿ ಥಿನ್ ಬ್ಲೂ ಲೈನ್’ ನೋಡಿ. ಡಲ್ಲಾಸ್‌ನಲ್ಲಿ ನಡೆದ ಪೊಲೀಸ್ ಅಧಿಕಾರಿಯ ಕೊಲೆಯನ್ನು ನಟರಿಂದ ಮತ್ತೆ ಮತ್ತೆ ಮಾಡಿಸಿ ತೋರಿಸಿದ್ದಾರೆ, ಪ್ರತಿ ಸಲವೂ ಒಬ್ಬೊಬ್ಬ ಸಾಕ್ಷಿ ಹೇಳಿದಂತೆ. ದೃಶ್ಯಗಳು ಒಂದಕ್ಕೊಂದು ಹೊಂದುವುದಿಲ್ಲ, ಹಾಗಾಗಿ ಸಾಕ್ಷ್ಯದ ಬಿರುಕು ಕಾಣುತ್ತದೆ. ಶಿಕ್ಷೆಯಾಗಿ ಒಳಗಿದ್ದ ವ್ಯಕ್ತಿ 1989ರಲ್ಲಿ ಬಿಡುಗಡೆಯಾದ. ಅಭಿನಯದ ಹಿಂದೆ ಪರಿಶೀಲಿಸಬಹುದಾದ ಕೋರ್ಟ್ ದಾಖಲೆ ಇತ್ತು ಎನ್ನುವುದೇ ಫರಕು.

ನಟರನ್ನ ಖರೇನ ಕೊಂದಾರ ಅಂತ ಕೋರ್ಟಿಗೆ ಹೋಗಿತ್ತಂತಲ್ಲ?

ಇಟಲಿಯಲ್ಲಿ, ‘ಕ್ಯಾನಿಬಲ್ ಹೋಲೊಕಾಸ್ಟ್’ಗೆ. ನಿರ್ದೇಶಕ ರುಗ್ಗೇರೊ ದಿಯೊದಾತೊ ನಟರು ಬದುಕಿದ್ದಾರೆಂದು ತೋರಿಸಬೇಕಾಯಿತು. ‘ಬ್ಲೇರ್ ವಿಚ್’ ತಂಡದವರು ಕಾಣೆಯಾದವರ ಪೋಸ್ಟರ್ ಹಂಚಿ, ಜಾಲತಾಣದಲ್ಲಿ ಸುಳ್ಳು ದಾಖಲೆ ಇಟ್ಟು ಅದೇ ನಂಬಿಕೆಯನ್ನು ಪ್ರಚಾರಕ್ಕೆ ಬಳಸಿದರು. ಸಿನಿಮಾ ತನ್ನ ಚೌಕಟ್ಟಿನಿಂದ ಹೊರಗೆ ಬಂದು ಬೀದಿಯಲ್ಲಿ ಸುಳ್ಳು ಹೇಳುವುದು ನಮಗೆ ಒಪ್ಪಿಗೆಯಿಲ್ಲ, ಎಷ್ಟೇ ಯಶಸ್ಸು ತಂದಿದ್ದರೂ.

ಚೂರು ಕಟ್ ಮಾಡಿ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದ್ರ ಏನಾಗ್ತದ? ಬರೇ ಹೆದರ್ಸಾಕ.

ಹಾಕಬೇಡಿ. 2018ರ ಜುಲೈನಲ್ಲಿ ನಮ್ಮದೇ ಭಾಗದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂದು ಸಂಶಯಪಟ್ಟ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನನ್ನು ಹೊಡೆದು ಕೊಂದಿತು. ಆ ತಿಂಗಳುಗಳಲ್ಲಿ ದೇಶದ ತುಂಬ ಹರಿದಾಡಿದ ವಿಡಿಯೊಗಳಲ್ಲಿ ಒಂದು, ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಮೂಲದಲ್ಲಿ ಬೈಕಿನವರು ವಾಪಸು ಬಂದು ಮಗುವನ್ನು ಇಳಿಸಿ, ಸಂದೇಶದ ಫಲಕ ಹಿಡಿಯುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಹಾಕಿದ್ದರು. ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಚಾಟ್‌ಗಳಿಗಷ್ಟೇ ಕಳಿಸಬಹುದೆಂಬ ಮಿತಿ ತಂದದ್ದು ಆ ತಿಂಗಳಲ್ಲೇ.

ಹಂಚಲೇಬೇಕೆಂದರೆ ಪೂರ್ತಿ ಚಿತ್ರದ ಕೊಂಡಿ ಕೊಡಿ, ಮೊದಲ ಸಾಲಿನಲ್ಲೇ ‘ಇದು ಸಿನಿಮಾ’ ಎಂದು ಬರೆಯಿರಿ.

ಇಷ್ಟು ಹೆದರಿದಾಗೂ ಕ್ಯಾಮೆರಾ ಯಾಕ ಹಿಡಕೊಂಡಿರ್ತಾರ? ನಂಗ ಅದ ನಂಬಾಕ ಆಗಂಗಿಲ್ಲ.

ಈ ಪ್ರಶ್ನೆಗೆ ಉತ್ತರ ಇಟ್ಟುಕೊಂಡ ಚಿತ್ರ ಗಟ್ಟಿ, ಇಲ್ಲದ್ದು ಸಡಿಲು. ಕ್ಯಾಮೆರಾದ ದೀಪವೇ ಕತ್ತಲಲ್ಲಿ ಇರುವ ಒಂದೇ ಬೆಳಕು ಎಂಬುದು ಒಂದು ಉತ್ತರ. ಚಿತ್ರ ತೆಗೆಯುತ್ತ ತೆಗೆಯುತ್ತ ಕೊಲೆಗಾರನ ಜೊತೆಗಾರರೇ ಆಗಿಬಿಡುವ ತಂಡ ಇನ್ನೊಂದು. ಬೆಲ್ಜಿಯಂನ ‘ಮ್ಯಾನ್ ಬೈಟ್ಸ್ ಡಾಗ್’ (1992) ನಿಂತಿರುವುದು ಅದರ ಮೇಲೆ. ಎರಡನೆಯ ಸಲ ನೋಡುವಾಗ ಕೊಲೆಗಾರನನ್ನು ಬಿಟ್ಟು ಸಂಕಲನಕಾರನನ್ನು ಹುಡುಕಿ: ಈ ತುಣುಕುಗಳನ್ನು ಯಾರು ಕೂಡಿಸಿದರು, ಯಾರಿಗೆ ತೋರಿಸಲು, ಯಾವುದನ್ನು ಬಿಟ್ಟರು? ಕಥೆಯೊಳಗೇ ಒಬ್ಬ ನಿರೂಪಕ ಇದ್ದರೆ, ಅವನಿಗೆ ಪ್ರತಿ ಟೇಪೂ ಹೇಗೆ ಸಿಕ್ಕಿತೆಂದು ಪಟ್ಟಿ ಮಾಡಿ. ಸಿಕ್ಕ ಬಗೆ ಹೇಳದ ಒಂದು ಟೇಪು ಪಟ್ಟಿಯಲ್ಲಿ ಉಳಿದರೆ ಗುಟ್ಟು ಅಲ್ಲಿದೆ, ಅಥವಾ ತಪ್ಪು ಅಲ್ಲಿದೆ.

ಗೆಳ್ಯಾರು ಕೂಡಿ ನೋಡಬೇಕಂದ್ರ ಹೆಂಗ ಮಾಡ್ಬೇಕ್ರಿ?

ಆರೇಳು ಜನ ಸಾಕು. ಚಿತ್ರವನ್ನು ಮೊದಲೇ ನೋಡಿದವರು ಹಿಂದಿನ ಸಾಲಿನಲ್ಲಿ ಕೂಡಬೇಕು, ಮುಂದೆ ಕೂತರೆ ಅವರ ಮುಖವೇ ಸುಳಿವು ಕೊಡುತ್ತದೆ. ಕರೆಂಟ್ ಹೋದರೆ ಅರ್ಧಕ್ಕೆ ನಿಂತು ಮಾತು ಶುರುವಾಗಿಬಿಡುತ್ತದೆ. ಟಿವಿ, ವೈಫೈ ಎರಡೂ ಇನ್ವರ್ಟರಿಗೆ ಇರಲಿ. 20ನೇ ನಿಮಿಷಕ್ಕೆ ನಿಲ್ಲಿಸಿ ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಯಾರ ಮಾತು ನಂಬಿದಿರಿ, ಯಾರದು ನಂಬಲಿಲ್ಲ, ಯಾಕೆ ಎಂದು ಮೂರು ಸಾಲು ಬರೆಯಲಿ. ಚೀಟಿ ಮಡಚಿ ಡಬ್ಬಿಗೆ ಹಾಕಿ, ಕೊನೆಯ ಹೆಸರುಗಳು ಪೂರ್ತಿ ಓಡಿದ ಮೇಲೆ ತೆಗೆಯಿರಿ. ಜಗಳ ಹತ್ತಿದ ದೃಶ್ಯಕ್ಕೆ ಹಿಂದಿರುಗಿ ಸದ್ದು ಬಂದ್ ಮಾಡಿ ಒಮ್ಮೆ, ಪರದೆ ಮುಚ್ಚಿ ಬರೀ ಸದ್ದಿನಲ್ಲಿ ಒಮ್ಮೆ ಹಾಕಿ.